ಎರಡನೇ ಮಾದರಿಗೆ ಸಮಯ ಇಡಿ: ಎಂಜಿನಿಯರಿಂಗ್ ಡಿಸೈನ್ ಕಲಿಸುವವರಿಗೆ ಒಂದು ಮಾರ್ಗದರ್ಶಿ

ಸೆಮಿಸ್ಟರಿನ ಕೊನೆಯ ವಾರ. ನಾಲ್ಕು ಜನ ವಿದ್ಯಾರ್ಥಿಗಳು ರಾತ್ರಿಯೆಲ್ಲ ಕೂತು ಜೋಡಿಸಿದ ಯಂತ್ರವನ್ನು ತಂದು ಮೇಜಿನ ಮೇಲೆ ಇಟ್ಟರು. ಸ್ವಿಚ್ ಹಾಕಿದರು. ಅರ್ಧ ನಿಮಿಷ ಓಡಿತು, ಆಮೇಲೆ ಬೆಲ್ಟ್ ಜಾರಿತು. ಬಿಗಿ ಮಾಡಿದರು, ಮತ್ತೆ ಜಾರಿತು. ತಂಡದಲ್ಲಿದ್ದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: "ಸರ್, ಎಲ್ಲಿ ತಪ್ಪಾಗಿದೆ ಅಂತ ಈಗ ಗೊತ್ತಾಯ್ತು. ಇನ್ನೊಂದು ಸಲ ಮಾಡೋಕೆ ಬಿಟ್ರೆ ಸರಿ ಮಾಡ್ತೀವಿ." ಆದರೆ ಇನ್ನೊಂದು ಸಲಕ್ಕೆ ದಿನಗಳೇ ಉಳಿದಿರಲಿಲ್ಲ. ನಾನು ಮಾರ್ಕ್ಸ್ ಹಾಕಿದೆ. ಯಂತ್ರ ಸ್ಟೋರ್ ರೂಮ್ ಸೇರಿತು.

ಆ ಮಾತು ಬಹಳ ದಿನ ನನ್ನ ತಲೆಯಲ್ಲೇ ಉಳಿಯಿತು. ಮಕ್ಕಳಿಗೆ ಡಿಸೈನ್ ಅರ್ಥವಾಗಲು ಶುರುವಾದ ಗಳಿಗೆಯಲ್ಲೇ ನಾವು ಕೋರ್ಸಿಗೆ ಬಾಗಿಲು ಹಾಕುತ್ತಿದ್ದೆವು. ಅಂದಿನಿಂದ ನನ್ನ ತರಗತಿಯಲ್ಲಿ ಒಂದು ನಿಯಮ ಇದೆ: ಪ್ರತಿ ತಂಡವೂ ಒಂದೇ ವಸ್ತುವನ್ನು ಎರಡು ಸಲ ಮಾಡಬೇಕು. ಮೊದಲನೆಯದನ್ನು ಪರೀಕ್ಷೆ ಮಾಡಿ, ಅದು ಎಲ್ಲಿ ಸೋತಿತು ಅಂತ ಬರೆದು, ಆಮೇಲೆ ಎರಡನೆಯದು. ಈ ಲೇಖನದಲ್ಲಿ ಹೇಳುವ ಹೆಜ್ಜೆಗಳೆಲ್ಲ ಆ ಎರಡನೇ ಮಾದರಿಗೆ ಜಾಗ ಮಾಡಿಕೊಡಲು ಇರುವಂಥವು. ಹೊಸದಾಗಿ ಡಿಸೈನ್ ಕೋರ್ಸ್ ಕೈಗೆ ಬಂದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

1. ಮೊದಲು ಕ್ಯಾಲೆಂಡರ್ ಹಿಡಿದು ಕೂರಿ

ಪಾಠದ ವಿಷಯಗಳ ಪಟ್ಟಿ ಆಮೇಲೆ. ಮೊದಲು ಕೊನೆಯ ವಾರದಿಂದ ಹಿಂದಕ್ಕೆ ಎಣಿಸಿ. ನಿಮ್ಮ ಸೆಮಿಸ್ಟರ್ 15 ವಾರದ್ದು ಅಂತ ಇಟ್ಟುಕೊಳ್ಳಿ. 15ನೇ ವಾರ ಪ್ರದರ್ಶನ ಮತ್ತು ವೈವಾ. 14ನೇ ವಾರ ಎರಡನೇ ಮಾದರಿಯ ಪರೀಕ್ಷೆ. ಅದನ್ನು ಕಟ್ಟಲು 11ರಿಂದ 13. ಹಾಗಾದರೆ ಮೊದಲ ಮಾದರಿಯ ಪರೀಕ್ಷೆ 9ನೇ ವಾರ ಮುಗಿಯಬೇಕು, ಅದು 8ನೇ ವಾರದ ಕೊನೆಗೆ ಕೈಯಲ್ಲಿ ಇರಬೇಕು. 10ನೇ ವಾರ ಖಾಲಿ ಬಿಡಿ. ಅದು ಯೋಚನೆಗೆ, ಲೆಕ್ಕಕ್ಕೆ, ತಡವಾದವರಿಗೆ.

ಹೀಗೆ ಮಾಡಿದಾಗ ಶುರುವಿನ ಭಾಗ ಇಕ್ಕಟ್ಟಾಗುತ್ತದೆ. ಡಿಸೈನ್ ಎಂದರೇನು, ಅದರ ಹಂತಗಳು ಯಾವುವು ಅಂತ ಮೂರು ವಾರ ಸ್ಲೈಡ್ ತೋರಿಸಲು ಆಗುವುದಿಲ್ಲ. ಅದು ಒಳ್ಳೆಯದೇ. ಹಂತಗಳ ಹೆಸರನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ ಒಂದು ಹಿಡಿಕೆಯನ್ನು ಎರಡು ಸಲ ಮಾಡಿದ ವಿದ್ಯಾರ್ಥಿಗೂ ಎಷ್ಟು ವ್ಯತ್ಯಾಸ ಅನ್ನುವುದನ್ನು ವೈವಾದಲ್ಲಿ ಎರಡೇ ನಿಮಿಷದಲ್ಲಿ ಕಾಣಬಹುದು.

2. ಸಮಸ್ಯೆ ಆರಿಸುವುದು ನಿಮ್ಮ ದೊಡ್ಡ ಕೆಲಸ

ಕೋರ್ಸ್ ಚೆನ್ನಾಗಿ ಆಗುವುದೂ ಕೆಡುವುದೂ ಬಹುಪಾಲು ಇಲ್ಲೇ. ನಾನು ಒಂದು ಸಮಸ್ಯೆಯನ್ನು ಒಪ್ಪುವ ಮೊದಲು ನಾಲ್ಕು ವಿಷಯ ನೋಡುತ್ತೇನೆ. ಅದನ್ನು ಅನುಭವಿಸುವ ಒಬ್ಬ ನಿಜವಾದ ವ್ಯಕ್ತಿ ವಿದ್ಯಾರ್ಥಿಗಳ ಕೈಗೆ ಸಿಗಬೇಕು. ಒಂದಕ್ಕಿಂತ ಜಾಸ್ತಿ ಉತ್ತರ ಇರಬೇಕು. ಒಂದು ಮೇಜಿನ ಮೇಲೆ, ಒಂದು ಮಧ್ಯಾಹ್ನದಲ್ಲಿ ಪರೀಕ್ಷೆ ಮಾಡಲು ಆಗಬೇಕು. ಮಾದರಿಯನ್ನು ವರ್ಕ್‌ಶಾಪಿನಲ್ಲಿ ಸಿಗುವ ಸಾಮಾನಿನಿಂದ ಎರಡು ವಾರದೊಳಗೆ ಕಟ್ಟಬಹುದಾಗಿರಬೇಕು. ಕೊನೆಯ ಎರಡು ಷರತ್ತು ತಪ್ಪಿದರೆ ಎರಡನೇ ಮಾದರಿಯ ಆಸೆ ಬಿಡಬೇಕಾಗುತ್ತದೆ.

ವಿದ್ಯಾರ್ಥಿಗಳು ತಾವೇ ತರುವ ಶೀರ್ಷಿಕೆಗಳ ಬಗ್ಗೆ ಒಂದು ಎಚ್ಚರಿಕೆ. "ಸೌರಶಕ್ತಿಯಿಂದ ನಡೆಯುವ ಸ್ವಯಂಚಾಲಿತ ಮುಚ್ಚಳ ತೆಗೆಯುವ ಯಂತ್ರ" ಅಂತ ಬರೆದು ತಂದರೆ ಅದರೊಳಗೆ ಉತ್ತರ ಆಗಲೇ ಕೂತಿದೆ. ಸೌರಶಕ್ತಿ ಯಾಕೆ, ಸ್ವಯಂಚಾಲಿತ ಯಾಕೆ ಅಂತ ಯಾರೂ ಕೇಳಿಲ್ಲ. ಅದನ್ನು "ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಜಾಡಿಯ ಮುಚ್ಚಳ ತೆಗೆಯಲು ಕಷ್ಟ" ಎಂದು ಬದಲಿಸಿ ಬರೆಸಿ. ಕಷ್ಟ ಯಾರದ್ದು, ಯಾವಾಗ ಆಗುತ್ತದೆ ಅನ್ನುವುದಷ್ಟೇ ಶೀರ್ಷಿಕೆಯಲ್ಲಿ ಇರಲಿ.

ಕಂಪನಿಗಳಿಂದ ಸಮಸ್ಯೆ ತರುವುದು ಇನ್ನೊಂದು ದಾರಿ. ಅಮೆರಿಕದ ಹಾರ್ವಿ ಮಡ್ ಕಾಲೇಜು 1963ರಿಂದ 'ಎಂಜಿನಿಯರಿಂಗ್ ಕ್ಲಿನಿಕ್' ಹೆಸರಿನಲ್ಲಿ ಇದನ್ನು ನಡೆಸುತ್ತ ಬಂದಿದೆ. ಕೊನೆಯ ವರ್ಷದವರಿಗೆ ಅದು ಬಹಳ ಒಳ್ಳೆಯದು. ಮೊದಲ, ಎರಡನೇ ವರ್ಷದವರಿಗೆ ಚಿಕ್ಕ ಸಮಸ್ಯೆಯೇ ಸರಿ.

ಸ್ಪರ್ಧೆಯ ದಾರಿಯೂ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವುಡಿ ಫ್ಲವರ್ಸ್ 1970ರ ದಶಕದಲ್ಲಿ ಬೆಳೆಸಿದ ಡಿಸೈನ್ ಕೋರ್ಸಿನಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಥರದ ಸಾಮಾನಿನ ಕಿಟ್ ಕೊಟ್ಟು, ಅದರಿಂದ ಯಂತ್ರ ಕಟ್ಟಿಸಿ, ಕೊನೆಗೆ ಎದುರುಬದುರು ಓಡಿಸುತ್ತಿದ್ದರು. ಒಂದೇ ಸಾಮಾನು ಕೊಡುವ ಆ ಉಪಾಯವನ್ನು ನಾನು ಖುಷಿಯಿಂದ ತೆಗೆದುಕೊಂಡಿದ್ದೇನೆ. ಜಾಸ್ತಿ ದುಡ್ಡು ಹಾಕಿ ಗೆಲ್ಲುವ ದಾರಿ ಮುಚ್ಚುತ್ತದೆ, ಯೋಚನೆಯೊಂದೇ ಉಳಿಯುತ್ತದೆ. ಆದರೆ ಸ್ಪರ್ಧೆಯ ಫಲಿತಾಂಶಕ್ಕೆ ಮಾರ್ಕ್ಸ್ ಕಟ್ಟಬೇಡಿ. ಕಟ್ಟಿದರೆ ಯಾರೂ ಹೊಸದನ್ನು ಪ್ರಯತ್ನಿಸುವ ಧೈರ್ಯ ಮಾಡುವುದಿಲ್ಲ.

3. ಕೇಳುವ ಮೊದಲು ನೋಡಲು ಕಳಿಸಿ

ಮುಚ್ಚಳದ ಸಮಸ್ಯೆಯನ್ನೇ ಮುಂದುವರಿಸುತ್ತೇನೆ. ನನ್ನ ಒಂದು ತಂಡ ಗಂಟುನೋವು ಇರುವ ಒಬ್ಬ ವಯಸ್ಸಾದ ಮಹಿಳೆಯ ಹತ್ತಿರ ಹೋಗಿ ಬಂತು. "ನಿಮಗೆ ಏನು ಬೇಕು?" ಅಂತ ಕೇಳಿದ್ದರು. "ಮೋಟರ್ ಇದ್ದರೆ ಚೆನ್ನಾಗಿರುತ್ತೆ" ಅಂದಿದ್ದರಂತೆ. ತಂಡ ಮೋಟರ್ ಹುಡುಕಲು ಶುರು ಮಾಡಿತು. ನಾನು ಅವರನ್ನು ಮತ್ತೆ ಕಳಿಸಿದೆ. ಈ ಸಲ ಪ್ರಶ್ನೆ ಬೇಡ, ಒಂದು ಜಾಡಿ ಕೊಟ್ಟು ತೆಗೆಯಲು ಹೇಳಿ, ಸುಮ್ನೆ ನೋಡಿ, ಬರೆದುಕೊಳ್ಳಿ ಅಂದೆ.

ಅವರು ಬರೆದುಕೊಂಡು ಬಂದದ್ದು ಇಷ್ಟು: ಆಕೆ ಜಾಡಿಯನ್ನು ಹೊಟ್ಟೆಗೂ ಮೇಜಿನ ಅಂಚಿಗೂ ನಡುವೆ ಒತ್ತಿ ಹಿಡಿದರು. ಎರಡೂ ಕೈಗಳನ್ನು ಮುಚ್ಚಳದ ಮೇಲೆ ಇಟ್ಟರು. ಮುಚ್ಚಳ ತಿರುಗುವ ಮೊದಲು ಜಾಡಿಯೇ ತಿರುಗಿತು. ಒದ್ದೆ ಬಟ್ಟೆ ಸುತ್ತಿ ಮತ್ತೆ ಪ್ರಯತ್ನಿಸಿದರು.

ಆಕೆಗೆ ಮುಚ್ಚಳ ತಿರುಗಿಸುವುದು ಕಷ್ಟವೇ. ಆದರೆ ಅದಕ್ಕಿಂತ ಕಷ್ಟ ಜಾಡಿಯನ್ನು ಹಿಡಿದುಕೊಳ್ಳುವುದು. ತಂಡದ ಇಡೀ ಯೋಜನೆ ಅವತ್ತು ಬದಲಾಯಿತು. ಮೇಲಿನ ಭಾಗಕ್ಕೆ ಮೋಟರ್ ಹುಡುಕುತ್ತಿದ್ದವರು ಕೆಳಗಿನ ಹಿಡಿತದ ಬಗ್ಗೆ ಯೋಚಿಸತೊಡಗಿದರು.

ಈ ಹೆಜ್ಜೆಗೆ ನಿಮ್ಮಿಂದ ಬೇಕಾದ್ದು ಎರಡು. ಹೋಗುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿಸಿ. ಫೋಟೊ ತೆಗೆಯುವುದಿದ್ದರೆ ಅದಕ್ಕೂ ಒಪ್ಪಿಗೆ ಬೇಕು. ಬಂದ ಮೇಲೆ, ಕಂಡದ್ದನ್ನು ಒಂದು ಹಾಳೆಯಲ್ಲೂ ತಮಗೆ ಅನಿಸಿದ್ದನ್ನು ಬೇರೆ ಹಾಳೆಯಲ್ಲೂ ಬರೆಸಿ. ಎರಡನ್ನೂ ಒಂದೇ ಕಡೆ ಬರೆದರೆ ಅನಿಸಿಕೆ ಗೆದ್ದುಬಿಡುತ್ತದೆ.

4. ಬೇಡಿಕೆಗಳನ್ನು ಅಳತೆಯಲ್ಲಿ ಬರೆಸಿ

"ಹಗುರವಾಗಿರಬೇಕು, ಸುಲಭವಾಗಿರಬೇಕು, ಗಟ್ಟಿಯಾಗಿರಬೇಕು." ಪ್ರತಿ ತಂಡವೂ ಮೊದಲು ಇದನ್ನೇ ಬರೆಯುತ್ತದೆ. ಪ್ರತಿ ಪದದ ಮುಂದೆ "ಎಷ್ಟು? ಹೇಗೆ ಅಳೀತೀರಿ?" ಅಂತ ಕೇಳಿ. ಹಗುರ ಅಂದರೆ 400 ಗ್ರಾಂ ಒಳಗೆ, ತಕ್ಕಡಿಯಲ್ಲಿ ತೂಗಿ. ಸುಲಭ ಅಂದರೆ ಮೊದಲ ಸಲ ನೋಡಿದವರು ಯಾರ ಸಹಾಯವೂ ಇಲ್ಲದೆ ಒಂದು ನಿಮಿಷದಲ್ಲಿ ಮುಚ್ಚಳ ತೆಗೆಯಬೇಕು, ಗಡಿಯಾರ ಹಿಡಿದು.

ಸಂಖ್ಯೆ ಎಲ್ಲಿಂದ ತರುವುದು ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ತಾವೇ ಅಳೆಯಲಿ. ಜಾಡಿಯನ್ನು ಕ್ಲ್ಯಾಂಪಿನಲ್ಲಿ ಬಿಗಿಸಿ, ಮುಚ್ಚಳಕ್ಕೆ ಒಂದು ಕೋಲನ್ನು ಗಟ್ಟಿಯಾಗಿ ಕಟ್ಟಿ, ಮಧ್ಯಬಿಂದುವಿನಿಂದ 20 ಸೆಂಟಿಮೀಟರ್ ದೂರದಲ್ಲಿ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಮುಚ್ಚಳ ಬಿಟ್ಟ ಕ್ಷಣದಲ್ಲಿ ತಕ್ಕಡಿ 15 ನ್ಯೂಟನ್ ತೋರಿಸಿದರೆ, ಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 3 ನ್ಯೂಟನ್ ಮೀಟರ್. ಮೊದಲ ವರ್ಷದ ಪಾಠದಲ್ಲಿ ಬಲ ಗುಣಿಸು ದೂರ ಅಂತ ಬರೆದುಕೊಂಡದ್ದು ಇಲ್ಲಿ ಕೈಗೆ ತಾಗುತ್ತದೆ. ಹತ್ತು ಜಾಡಿಗಳನ್ನು ಅಳೆದ ತಂಡಕ್ಕೆ ಸರಾಸರಿಗಿಂತ ಅತಿ ಬಿಗಿಯಾದ ಜಾಡಿಯೇ ಮುಖ್ಯ ಅಂತಲೂ ತಾನಾಗಿ ಹೊಳೆಯುತ್ತದೆ. ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಪಟ್ಟಿ ಚಿಕ್ಕದಿರಲಿ. ಎಂಟು ಬೇಡಿಕೆ ಸಾಕು. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಹೇಗೆ ಪರೀಕ್ಷೆ ಮಾಡುತ್ತೇವೆ ಅಂತ ಒಂದು ಸಾಲು. ಈ ಹಾಳೆಯೇ 9ನೇ ವಾರದ ಪರೀಕ್ಷೆಯ ಪತ್ರಿಕೆ. ಆದ್ದರಿಂದ ಇದನ್ನು ಗೋಡೆಗೆ ಅಂಟಿಸಿಡಿ.

5. ಚಿತ್ರ ಬರೆಯುವಾಗ ಒಬ್ಬೊಬ್ಬರೇ, ಆರಿಸುವಾಗ ಎಲ್ಲರೂ

ನಾನು ಮೊದಲೆಲ್ಲ ಹಳೆಯ ಬ್ಯಾಚಿನ ಒಳ್ಳೆಯ ಪ್ರಾಜೆಕ್ಟ್ ತೋರಿಸಿ ಕೆಲಸ ಶುರು ಮಾಡಿಸುತ್ತಿದ್ದೆ. ಈಗ ಈ ಹಂತದಲ್ಲಿ ತೋರಿಸುವುದಿಲ್ಲ. ಕಾರಣ ಇದೆ. 1991ರಲ್ಲಿ ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ ಒಂದು ಅಧ್ಯಯನ ಪ್ರಕಟಿಸಿದರು. ಡಿಸೈನ್ ಮಾಡುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಉದಾಹರಣೆಯ ಚಿತ್ರ ಕೊಟ್ಟರು. ಚಿತ್ರ ನೋಡಿದವರ ಡಿಸೈನ್‌ಗಳಲ್ಲಿ ಆ ಉದಾಹರಣೆಯ ಅಂಶಗಳು ಮತ್ತೆ ಮತ್ತೆ ಬಂದವು. ಅದರಲ್ಲಿದ್ದ ತಪ್ಪುಗಳೂ ಬಂದವು. ಚೆಲ್ಲದ ಕಾಫಿ ಲೋಟದ ಸಮಸ್ಯೆಯಲ್ಲಿ ಸ್ಟ್ರಾ ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ದರೂ, ಸ್ಟ್ರಾ ಇದ್ದ ಚಿತ್ರ ನೋಡಿದವರು ಅದನ್ನು ಬಿಡಲಾಗದೆ ಒದ್ದಾಡಿದರು. ಒಮ್ಮೆ ಕಣ್ಣಿಗೆ ಬಿದ್ದ ಉತ್ತರ ತಲೆಯಿಂದ ಇಳಿಯುವುದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಮೊಬೈಲ್ ಪಕ್ಕಕ್ಕಿಟ್ಟು ಪ್ರತಿಯೊಬ್ಬರೂ ಒಬ್ಬರೇ ಕೂತು ಹತ್ತು ಚಿತ್ರ ಬರೆಯಲಿ. ನಾಲ್ಕನೆಯದಕ್ಕೆ ಎಲ್ಲರೂ ನಿಲ್ಲುತ್ತಾರೆ. ಅಲ್ಲಿಯವರೆಗೆ ಬರುವುದು ಅಂಗಡಿಯಲ್ಲಿ ನೋಡಿದ ವಸ್ತುಗಳೇ. ಐದನೆಯದರ ಮೇಲೆ ಅವರದೇ ಯೋಚನೆ ಶುರು. ಆ ಹತ್ತು ನಿಮಿಷದ ಮೌನವನ್ನು ನೀವು ಮುರಿಯಬೇಡಿ.

ಆಮೇಲೆ ಎಲ್ಲ ಚಿತ್ರಗಳನ್ನೂ ಮೇಜಿನ ಮೇಲೆ ಹರಡಿ ಆರಿಸುವುದು. ಬ್ರಿಟಿಷ್ ಎಂಜಿನಿಯರ್ ಸ್ಟುವರ್ಟ್ ಪ್ಯೂ ಹೇಳಿಕೊಟ್ಟ ಕೋಷ್ಟಕ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಡಿಸೈನನ್ನು ಆಧಾರವಾಗಿ ಇಟ್ಟುಕೊಂಡು, ಉಳಿದವು ಪ್ರತಿ ಬೇಡಿಕೆಯಲ್ಲೂ ಅದಕ್ಕಿಂತ ಉತ್ತಮವೇ, ಕಡಿಮೆಯೇ, ಸಮವೇ ಅಂತ ಗುರುತು ಹಾಕುವುದು. ಒಟ್ಟು ಎಷ್ಟು ಬಂತು ಅನ್ನುವುದಕ್ಕಿಂತ, ಗುರುತು ಹಾಕುವಾಗ ನಡೆಯುವ ವಾದ ನನಗೆ ಮುಖ್ಯ. ಎರಡು ಡಿಸೈನ್‌ಗಳ ಒಳ್ಳೆಯ ಭಾಗ ಸೇರಿಸಿ ಮೂರನೆಯದು ಹುಟ್ಟುವುದು ಆಗಲೇ.

6. ರಟ್ಟಿನಲ್ಲಿ ಮಾಡಿಸಿ, ಇವತ್ತೇ

ರಟ್ಟು, ಟೇಪು, ಐಸ್‌ಕ್ರೀಂ ಕಡ್ಡಿ, ದಾರ. ಎರಡು ಗಂಟೆ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಶುರು ಮಾಡುವ ಮುಂಚೆ ಇದು ಆಗಲೇಬೇಕು. ಪರದೆಯ ಮೇಲೆ ಚಂದವಾಗಿ ಬಣ್ಣ ತುಂಬಿದ ಭಾಗವನ್ನು ಅಳಿಸಲು ವಿದ್ಯಾರ್ಥಿಗೆ ಮನಸ್ಸು ಬರುವುದಿಲ್ಲ. ರಟ್ಟನ್ನು ಹರಿಯಲು ಬರುತ್ತದೆ.

ಒಂದೇ ಷರತ್ತು: ರಟ್ಟಿನ ಮಾದರಿ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. "ಹಿಡಿಕೆ ಇಷ್ಟು ಉದ್ದ ಇದ್ದರೆ ಕೈ ಮೇಜಿಗೆ ತಾಗುತ್ತಾ?" ಅಂಥ ಪ್ರಶ್ನೆ. ಪ್ರಶ್ನೆಯನ್ನು ರಟ್ಟಿನ ಮೇಲೇ ಬರೆಸಿ.

7. ಲೆಕ್ಕದಿಂದ ಏನಾದರೂ ಬದಲಾಗಲಿ

ರಿಪೋರ್ಟಿನಲ್ಲಿ ಹತ್ತು ಪುಟ ಲೆಕ್ಕ ಇರುತ್ತದೆ, ಯಂತ್ರದ ಒಂದು ಅಳತೆಯೂ ಆ ಲೆಕ್ಕದಿಂದ ಬಂದಿರುವುದಿಲ್ಲ. ಇದನ್ನು ನೀವೂ ನೋಡಿರುತ್ತೀರಿ ಅಲ್ವಾ? ಮೊದಲು ಮಾಡಿ, ಆಮೇಲೆ ಲೆಕ್ಕ ಅಂಟಿಸುವುದು. ನಾನು ಪ್ರತಿ ಲೆಕ್ಕದ ಕೆಳಗೂ ಒಂದು ಸಾಲು ಕೇಳುತ್ತೇನೆ: ಈ ಲೆಕ್ಕದಿಂದ ಯಾವ ಅಳತೆ ನಿರ್ಧಾರ ಆಯ್ತು? ಉತ್ತರ ಇಲ್ಲದಿದ್ದರೆ ಆ ಪುಟ ಬೇಡ.

ಚಿಕ್ಕ ಬದಲಾವಣೆಗೂ ಲೆಕ್ಕ ಯಾಕೆ ಬೇಕು ಅಂತ ತೋರಿಸಲು ನಾನು ಬಳಸುವ ಘಟನೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನದು. 1981ರ ಜುಲೈ 17ರಂದು ಅಲ್ಲಿ ನೇತುಹಾಕಿದ್ದ ಎರಡು ಕಾಲುಸೇತುವೆಗಳು ಕುಸಿದು 114 ಜನ ಸತ್ತರು. ಮೇಲಿನ ಸೇತುವೆ, ಅದರ ನೇರ ಕೆಳಗೆ ಇನ್ನೊಂದು. ಮೂಲ ಡಿಸೈನಿನಲ್ಲಿ ಎರಡನ್ನೂ ಹಿಡಿಯಲು ಚಾವಣಿಯಿಂದ ಒಂದೇ ಉದ್ದನೆಯ ಕಂಬಿ ಇಳಿಯುತ್ತಿತ್ತು. ತಯಾರಿಸಲು ಸುಲಭವಾಗಲಿ ಅಂತ ಅದನ್ನು ಎರಡು ತುಂಡು ಮಾಡಿದರು: ಒಂದು ಚಾವಣಿಯಿಂದ ಮೇಲಿನ ಸೇತುವೆಗೆ, ಇನ್ನೊಂದು ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ. ಕಾಗದದ ಮೇಲೆ ಸಣ್ಣ ಬದಲಾವಣೆ. ಆದರೆ ಮೇಲಿನ ಸೇತುವೆಯ ಕೆಳಗಿದ್ದ ನಟ್ಟಿನ ಮೇಲೆ ಬೀಳುವ ಭಾರ ಎರಡರಷ್ಟಾಯಿತು. ಮೂಲ ಡಿಸೈನೇ ಆ ಊರಿನ ಕಟ್ಟಡ ನಿಯಮಕ್ಕೆ ಬೇಕಾದಷ್ಟು ಗಟ್ಟಿ ಇರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು.

ಇದನ್ನು ಹೇಳಿ ಬಿಡಬೇಡಿ, ಮಾಡಿ ತೋರಿಸಿ. ಎರಡು ಅರ್ಧ ಕಿಲೋ ತೂಕ, ಒಂದು ಸ್ಪ್ರಿಂಗ್ ತಕ್ಕಡಿ, ದಾರ ಸಾಕು. ಮೊದಲು ಒಂದು ಉದ್ದ ದಾರವನ್ನು ಸ್ಟ್ಯಾಂಡಿನಿಂದ ಇಳಿಬಿಡಿ. ತುದಿಗೆ ಒಂದು ತೂಕ ಕಟ್ಟಿ. ಅದೇ ದಾರದ ಮಧ್ಯಕ್ಕೆ ತಕ್ಕಡಿ ಕಟ್ಟಿ, ತಕ್ಕಡಿಗೆ ಎರಡನೇ ತೂಕ ಸಿಕ್ಕಿಸಿ. ತಕ್ಕಡಿ ಅರ್ಧ ಕಿಲೋ ತೋರಿಸುತ್ತದೆ. ಈಗ ಕೆಳಗಿನ ತೂಕವನ್ನು ಬಿಚ್ಚಿ, ಮೇಲಿನ ತೂಕದ ಅಡಿಗೇ ಕಟ್ಟಿ. ತಕ್ಕಡಿ ಒಂದು ಕಿಲೋ ತೋರಿಸುತ್ತದೆ. ಸ್ಟ್ಯಾಂಡಿನ ಮೇಲಿನ ಒಟ್ಟು ಭಾರ ಎರಡು ಸಲವೂ ಅಷ್ಟೇ, ಜೋಡಣೆಯ ಮೇಲಿನದು ಮಾತ್ರ ಬದಲಾಯಿತು. ಮುಳ್ಳು ಇಳಿಯುವುದನ್ನು ಕಣ್ಣಾರೆ ನೋಡಿದಾಗ ತರಗತಿ ಪೂರ್ತಿ ಸುಮ್ಮನಾಗುತ್ತದೆ.

8. ಮೇಜಿನ ಪಕ್ಕದ ಮಾತು: ಪೆನ್ಸಿಲ್ ಅವರ ಕೈಯಲ್ಲೇ ಇರಲಿ

ಡಿಸೈನ್ ಕಲಿಸುವುದು ಬಹುಪಾಲು ನಡೆಯುವುದು ತಂಡದ ಮೇಜಿನ ಪಕ್ಕ ಸ್ಟೂಲ್ ಎಳೆದು ಕೂತಾಗ. ವಾರಕ್ಕೆ ಒಂದು ತಂಡಕ್ಕೆ 15 ನಿಮಿಷ. ಇಲ್ಲಿ ಶಿಕ್ಷಕರಿಗೆ ಅತಿ ಕಷ್ಟದ ಕೆಲಸ ಉತ್ತರ ಹೇಳದೆ ಇರುವುದು. ನಮಗೆ ಉತ್ತರ ಕಾಣುತ್ತಿರುತ್ತದೆ, ಕೈ ಪೆನ್ಸಿಲ್ ಕಡೆ ಹೋಗುತ್ತದೆ. ಹೋಗಲು ಬಿಡಬೇಡಿ.

ಮುಚ್ಚಳದ ತಂಡದ ಹಿಡಿಕೆ ಮೊದಲ ಪರೀಕ್ಷೆಯಲ್ಲಿ ಬಗ್ಗಿತು. 20 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪಟ್ಟಿ.

"ಸರ್, ಸ್ಟೀಲ್ ಹಾಕ್ತೀವಿ. ಸರಿ ಹೋಗುತ್ತೆ."

"ಯಾವ ಕಡೆಗೆ ಬಗ್ಗಿತು?"

"ಪಕ್ಕಕ್ಕೆ. ತಳ್ಳಿದ ಕಡೆಗೆ."

"ಆ ಕಡೆಗೆ ಪಟ್ಟಿಯ ಅಳತೆ ಎಷ್ಟಿದೆ?"

"ಐದು ಮಿಲಿಮೀಟರ್... ದಪ್ಪ."

ನಾನು ಸುಮ್ಮನೆ ಕೂತೆ. ಅವರಲ್ಲಿ ಒಬ್ಬ ತನ್ನ ಸ್ಕೇಲ್ ತೆಗೆದು ಮೊದಲು ಚಪ್ಪಟೆಯಾಗಿ ಹಿಡಿದು ಬಗ್ಗಿಸಿದ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಲು ನೋಡಿದ. ಬಗ್ಗಲಿಲ್ಲ. "ಸರ್, ಪಟ್ಟಿನ ತಿರುಗಿಸಿ ಹಾಕಿದ್ರೆ ಸಾಕಲ್ವಾ?"

"ಎಷ್ಟು ಗಟ್ಟಿ ಆಗುತ್ತೆ? ಲೆಕ್ಕ ಹಾಕಿ ನೋಡಿ."

ಹಾಕಿದರು. 16 ಪಟ್ಟು. ಅದೇ ಸಾಮಾನು, ಅದೇ ತೂಕ. ಹೋದ ಸೆಮಿಸ್ಟರಿನ ಪರೀಕ್ಷೆಯಲ್ಲಿ ಬರೆದಿದ್ದ ಅದೇ ಸೂತ್ರ: ಬಗ್ಗುವ ಕಡೆಯ ಅಳತೆಯ ಘನ, ಗುಣಿಸು ಇನ್ನೊಂದು ಅಳತೆ. ನಾನು ಶುರುವಿನಲ್ಲೇ "ತಿರುಗಿಸಿ ಹಾಕಿ" ಅಂದಿದ್ದರೆ ಹಿಡಿಕೆ ಸರಿಯಾಗುತ್ತಿತ್ತು, ಅಷ್ಟೇ. ಹುಡುಗನ ಕೈಯಲ್ಲಿದ್ದ ಆ ಸ್ಕೇಲ್ ಹೊರಗೆ ಬರುತ್ತಿರಲಿಲ್ಲ.

ನೀವು ಕೇಳಬಹುದಾದ ಪ್ರಶ್ನೆಗಳು ಹೀಗಿರಲಿ: ಎಲ್ಲಿ ಸೋತಿತು? ಯಾಕೆ ಅಂತ ಹೇಗೆ ಗೊತ್ತು? ಬೇರೆ ಏನು ಕಾರಣ ಇರಬಹುದು? ಒಂದು ಅಪವಾದ ಇದೆ. ಯಾರಿಗಾದರೂ ಗಾಯವಾಗುವ ಸಾಧ್ಯತೆ ಕಂಡರೆ ಪ್ರಶ್ನೆ ಬೇಡ, ನೇರವಾಗಿ ನಿಲ್ಲಿಸಿ.

9. ಪರೀಕ್ಷೆ, ಆಮೇಲೆ ಮೂರೇ ಬದಲಾವಣೆ

9ನೇ ವಾರ ಗೋಡೆಯ ಮೇಲಿನ ಬೇಡಿಕೆ ಹಾಳೆ ಇಳಿಸಿ, ಸಾಲು ಸಾಲಾಗಿ ಪರೀಕ್ಷೆ ಮಾಡಿಸಿ. ಮಾದರಿಯನ್ನು ಕಟ್ಟಿದವರು ಅದನ್ನು ಮುಟ್ಟಬಾರದು. ಬೇರೆ ತಂಡದವರು ಬಳಸಲಿ. ಕಟ್ಟಿದವರಿಗೆ ಅದರ ಗುಟ್ಟು ಗೊತ್ತಿರುತ್ತದೆ, ಕೈ ತಾನಾಗಿ ಸರಿಯಾದ ಕಡೆ ಒತ್ತುತ್ತದೆ. ಆಮೇಲೆ ಆ ಮಹಿಳೆಯ ಮನೆಗೆ ಮತ್ತೆ ಹೋಗಿ, ಮತ್ತೆ ಸುಮ್ನೆ ನೋಡಲಿ.

ಸೋತ ಸಾಲುಗಳಿಂದ ಮೂರನ್ನು ಮಾತ್ರ ಆರಿಸಲು ಹೇಳಿ. ಎಲ್ಲವನ್ನೂ ಬದಲಿಸಲು ಬಿಟ್ಟರೆ ಅದು ಇನ್ನೊಂದು ಮೊದಲ ಮಾದರಿ ಆಗುತ್ತದೆ, ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಮೂರೂ ಬದಲಾವಣೆಗೆ ಮೊದಲೇ ಒಂದು ಊಹೆ ಬರೆಸಿ: "ಜಾಡಿಯ ಕೆಳಗೆ ರಬ್ಬರ್ ಹಾಕಿದರೆ ಜಾಡಿ ತಿರುಗುವುದು ನಿಲ್ಲುತ್ತದೆ." 14ನೇ ವಾರ ಅದೇ ಪರೀಕ್ಷೆ, ಅದೇ ತಕ್ಕಡಿ. ಎರಡೂ ಸಲದ ಸಂಖ್ಯೆಗಳು ಅಕ್ಕಪಕ್ಕ. ಊಹೆ ತಪ್ಪಾದರೂ ಮಾರ್ಕ್ಸ್ ಹೋಗುವುದಿಲ್ಲ ಅಂತ ಮೊದಲೇ ಹೇಳಿ, ಮತ್ತು ಆ ಮಾತಿಗೆ ನಿಲ್ಲಿ.

10. ತಂಡ ಮತ್ತು ಮಾರ್ಕ್ಸ್

ನಾಲ್ಕು ಜನರ ತಂಡ ಸಾಕು. ಐದನೆಯವರಿಗೆ ಕೆಲಸ ಇರುವುದಿಲ್ಲ. ಒಬ್ಬರ ಭಾಗ ಇನ್ನೊಬ್ಬರ ಭಾಗಕ್ಕೆ ಸೇರುವ ಕಡೆ ಅಳತೆ, ಅದರ ಮಾನ (ಯೂನಿಟ್) ಎರಡನ್ನೂ ಬರೆದು ಇಬ್ಬರೂ ಸಹಿ ಹಾಕಲಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋದದ್ದು ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್ ಲೆಕ್ಕ ಅಂದುಕೊಂಡದ್ದರಿಂದ. ಎರಡು ಗುಂಪಿನ ನಡುವಿನ ಗೆರೆಯಲ್ಲೇ ತಪ್ಪು ಕೂತಿತ್ತು.

ಮಾರ್ಕ್ಸ್ ಹಂಚುವಾಗ ನಾನು ಹೀಗೆ ಮಾಡುತ್ತೇನೆ. 100ರಲ್ಲಿ 20 ಬೇಡಿಕೆ ಹಾಳೆಗೆ, 30 ಮೊದಲ ಮಾದರಿಯ ಪರೀಕ್ಷೆಯ ವರದಿಗೆ, 30 ಎರಡನೆಯದಕ್ಕೆ ಮಾಡಿದ ಬದಲಾವಣೆ ಮತ್ತು ಅದರ ಕಾರಣಕ್ಕೆ, 20 ಒಬ್ಬೊಬ್ಬರ ವೈವಾಕ್ಕೆ. ಮೊದಲ ಮಾದರಿ ಕೆಲಸ ಮಾಡಿತೋ ಇಲ್ಲವೋ ಅನ್ನುವುದಕ್ಕೆ ಒಂದೂ ಇಲ್ಲ. ಇದರಿಂದ ಮಕ್ಕಳು ಸೋಲನ್ನು ಮುಚ್ಚಿಡುವುದನ್ನು ನಿಲ್ಲಿಸುತ್ತಾರೆ. ಮುರಿದ ತುಂಡನ್ನು ತಾವೇ ಹಿಡಿದುಕೊಂಡು ಬಂದು ತೋರಿಸುತ್ತಾರೆ.

ವೈವಾದಲ್ಲಿ ತಂಡದ ಯಾರನ್ನಾದರೂ ಕರೆದು, ಡ್ರಾಯಿಂಗಿನ ಯಾವುದಾದರೂ ಒಂದು ಜಾಗಕ್ಕೆ ಬೆರಳಿಟ್ಟು ಕೇಳಿ: "ಈ ತೂತು ಇಲ್ಲೇ ಯಾಕಿದೆ? ಇಷ್ಟೇ ಅಗಲ ಯಾಕೆ?" ಕೆಲಸ ಮಾಡಿದವರು ಉತ್ತರ ಶುರು ಮಾಡುವುದೇ "ಮೊದಲು ಅಲ್ಲಿ ಇಟ್ಟಿದ್ವಿ ಸರ್, ಆದ್ರೆ..." ಅಂತ.

ಕೊನೆಯ ದಿನ ಎರಡೂ ಮಾದರಿಗಳನ್ನು ಒಂದೇ ದಾರದಲ್ಲಿ ಕಟ್ಟಿ, ಒಂದು ಚೀಟಿ ಹಚ್ಚಿಸಿ. ಚೀಟಿಯಲ್ಲಿ ಎರಡೂ ಸಲದ ಸಂಖ್ಯೆಗಳು, ಮಾಡಿದ ಮೂರು ಬದಲಾವಣೆ. ಸ್ಟೋರ್ ರೂಮಿಗೆ ಹಾಕಬೇಡಿ. ಮುಂದಿನ ಬ್ಯಾಚಿಗೆ ಬೇರೆ ಸಮಸ್ಯೆ ಕೊಡಿ, ಆದರೆ ಅವರ ಮೊದಲ ತರಗತಿಯಲ್ಲಿ ಈ ಜೋಡಿಯನ್ನು ಚೀಟಿ ಮಡಚಿ ಮೇಜಿನ ಮೇಲೆ ಇಡಿ. ಕೈಗೆ ತೆಗೆದುಕೊಂಡು ನೋಡಲಿ. ಆಮೇಲೆ ಕೇಳಿ: ಇದರಿಂದ ಇದಕ್ಕೆ ಬರುವಾಗ ಮಧ್ಯೆ ಏನಾಗಿರಬಹುದು?